ಪೊಟ್ಟಣ ಶಾಸನಗಳು: ಪಾಠ, ಕಾಲ, ವಿವಾದ

ಬಿಸ್ಕತ್ತು ಪೊಟ್ಟಣಗಳ ಬೆನ್ನ ಮೇಲಿನ ಬರಹವನ್ನು ವಿದ್ವಾಂಸರು ಈವರೆಗೆ ‘ಲೇಬಲ್’ ಎಂದು ಕರೆದು ಕೈತೊಳೆದುಕೊಂಡಿದ್ದಾರೆ. ಅವು ಅಪ್ಪಟ ದಾನಶಾಸನಗಳೆಂಬುದು ನಮ್ಮ ವಾದ. ಮೊದಲು ಮಂಗಳ ಚಿಹ್ನೆ (ಹಸಿರು ಚೌಕದೊಳಗೊಂದು ಹಸಿರು ಬೊಟ್ಟು), ಆಮೇಲೆ ಪ್ರಶಸ್ತಿ, ಬಳಿಕ ದಾನದ ವಿವರ, ಕೊನೆಗೆ ಶಾಪಾಶಯ. ಕಂಡರಿಸಿದವನ ಹೆಸರಿರಬೇಕಾದಲ್ಲಿ ಮಾತ್ರ 14 ಅಂಕಿಗಳ ಲೈಸೆನ್ಸ್ ನಂಬರು.

ಪ್ರಶಸ್ತಿ ಮುಂಬದಿಯಲ್ಲಿರುತ್ತದೆ. ನಮಗೆ ದೊರೆತ ‘ರಾಗಿ ಬಿಸ್ಕತ್ತಿ’ನ ಮೇಲೆ ತೆನೆ, ಹೊಲ, ಮುಂಡಾಸಿನ ರೈತ. ದಾನದ ವಿವರ ಹಿಂಬದಿಯಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಮೊಬೈಲಿನಲ್ಲಿ ಪಡಿಯಚ್ಚು ತೆಗೆದು ಹಿಗ್ಗಿಸದೆ ಓದಲಾಗದು. ಹೆಚ್ಚು ತೂಕದ ಪದಾರ್ಥ ಮೊದಲು ಬರಬೇಕೆಂಬುದು ರಾಜಾಜ್ಞೆ. ಅದರಂತೆ ಮೈದಾ ಪಟ್ಟವೇರಿದೆ, ಸಕ್ಕರೆ ಯುವರಾಜ, ತಾಳೆಎಣ್ಣೆ ದಂಡನಾಯಕ. ರಾಗಿ ಸಾಮಂತರ ಸಾಲಿನಲ್ಲೆಲ್ಲೋ ಕೈಕಟ್ಟಿ ನಿಂತಿದೆ. ಸಕ್ಕರೆಯ ವಂಶಾವಳಿ ಇನ್ನೂ ತೊಡಕು. ಕದಂಬರಿಗೆ ಬನವಾಸಿ, ಹಾನಗಲ್ಲು, ಗೋವೆಯ ಶಾಖೆಗಳಿದ್ದ ಹಾಗೆ ಇದಕ್ಕೆ ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್. ದಾಯಾದಿಗಳನ್ನೆಲ್ಲ ಒಟ್ಟುಗೂಡಿಸಿದರೆ ಪಟ್ಟ ನಿಜಕ್ಕೂ ಮೈದಾದ್ದೇ ಎಂಬ ಬಗ್ಗೆ ನಮಗೆ ಗುಮಾನಿಯಿದೆ.

ಕಾಲನಿರ್ಣಯದಲ್ಲಿ ಪಂಡಿತರು ಎಡವಿದ್ದು ಪದಾರ್ಥಗಳ ಪಟ್ಟಿಯಲ್ಲಿ ಬರುವ ‘500’ರಲ್ಲಿ. ಮಂಗಳೇಶನ ಬಾದಾಮಿ ಗುಹಾಶಾಸನ ಶಕ 500ರದು, ಅಂದರೆ ಕ್ರಿ.ಶ. 578, ಬಿಸ್ಕತ್ತೂ ಅದೇ ಕಾಲದ್ದೆಂದು ಒಂದು ಪಂಥ ಹಟ ಹಿಡಿಯಿತು. (ತಿಂದು ನೋಡಿದವರಿಗೆ ಇದು ತೀರ ಅಸಂಭವವೆನಿಸಲಿಲ್ಲ.) ಆದರೆ 500ರ ಪಕ್ಕದಲ್ಲಿ ರೋಮನ್ ಎರಡಿದ್ದರೆ ಅದು ಅಡುಗೆ ಸೋಡಾ. ಹಾಗೆಯೇ 412 ಗೋರಿಕಾಯಿ ಬೀಜದ ಅಂಟು.

ಅಳತೆಯದು ಬೇರೆಯೇ ರಗಳೆ. ಹಳೆಯ ಶಾಸನಗಳ ಮತ್ತರು ಊರಿಂದೂರಿಗೆ ಬದಲಾಗುತ್ತಿತ್ತು; ಇಲ್ಲಿನ ‘ಸರ್ವಿಂಗ್’ ಪೊಟ್ಟಣದಿಂದ ಪೊಟ್ಟಣಕ್ಕೆ. ದಿನಕ್ಕೆ 2,000 ಕಿಲೊಕ್ಯಾಲರಿ, 5 ಗ್ರಾಂ ಉಪ್ಪು ಎಂಬ ಲೆಕ್ಕದಲ್ಲಿ ಶೇಕಡಾವಾರು ಪಾಲು ಹಂಚಿ, ಒಂದು ಸರ್ವಿಂಗೆಂದರೆ ಎರಡು ಬಿಸ್ಕತ್ತು ಎಂದಿದ್ದಾರೆ. ಎರಡಕ್ಕೇ ನಿಲ್ಲಿಸಿದವರ ಉಲ್ಲೇಖ ಯಾವ ಆಕರದಲ್ಲೂ ಇಲ್ಲ. ಅದ್ದುವಾಗ ಮುರಿದು ಚಹಾದೊಳಗೆ ಮುಳುಗಿದ್ದು ಲೆಕ್ಕಕ್ಕುಂಟೋ ಇಲ್ಲವೋ, ಶಾಸನ ಮೌನ.

ಕಲ್ಲಿನ ಶಾಸನದಲ್ಲಿ ದಾನಕ್ಕೆ ಅಳುಪಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ. ಇಲ್ಲಿ ಶಾಪವೆಲ್ಲ ದಾನ ಪಡೆದವನಿಗೇ: ಗೋಧಿ, ಹಾಲು, ಸೋಯಾ ಇದೆ, ಒಗ್ಗದಿದ್ದರೆ ನಿಮ್ಮ ಹಣೆಬರಹ, ಒಣ ಜಾಗದಲ್ಲಿಡಿ, ಚಿತ್ರ ಕೇವಲ ಸಾಂಕೇತಿಕ. ಈ ಕಡೆಯ ವಾಕ್ಯದಿಂದ ತೆನೆ, ಹೊಲ, ರೈತ ಮೂವರೂ ರದ್ದು.

ಟ್ರಾನ್ಸ್ ಫ್ಯಾಟ್ ಸಾಲಿನ ಮೇಲೆ ‘ಒಂದು ಕೊಂಡರೆ ಒಂದು ಉಚಿತ’ ಚೀಟಿ ಮೆತ್ತಿರುವುದರಿಂದ ಪಾಠ ತ್ರುಟಿತ. ಉಗುರಿನಿಂದ ಕೆರೆದು ಅದನ್ನು ಪುನಾರಚಿಸುತ್ತಿದ್ದ ಸಂಶೋಧಕರಿಗೆ ಅಂಗಡಿಯ ಹುಡುಗ, “ಸಾರ್, ತಗೊಳ್ಳಿ, ಇಲ್ಲಾ ಇಟ್ಬಿಡಿ, ಹಿಂದೆ ಜನ ನಿಂತವ್ರೆ” ಎಂದದ್ದರಿಂದ ಕ್ಷೇತ್ರಕಾರ್ಯ ಅಲ್ಲಿಗೇ ನಿಂತಿತು. ಎರಡು ಪೊಟ್ಟಣ ಕೊಳ್ಳಲಾಯಿತು.