ವಿಶ್ರಾಂತಿಯೋಜಕರು

ಧಾರವಾಡದಲ್ಲಿ ಕವಿಗಳಷ್ಟೇ ವಿಪುಲವಾಗಿ ಬೆಳೆಯುವ, ಆದರೆ ಯಾವ ವಿಮರ್ಶಕನ ದೃಷ್ಟಿಗೂ ಇನ್ನೂ ಬೀಳದಿರುವ ಒಂದು ಪುರುಷವರ್ಗವುಂಟು: ಸೇವೆಯಿಂದ ನಿವೃತ್ತರಾಗಿ, ಮಾಳಮಡ್ಡಿಯಲ್ಲಿಯೋ ಸಪ್ತಾಪುರದಲ್ಲಿಯೋ ಮಾವಿನ ಗಿಡದ ನೆರಳಿರುವ ಮನೆಯೊಂದನ್ನು ಕಟ್ಟಿಕೊಂಡು, ಪಿಂಚಣಿಯೂ ಪಚನಶಕ್ತಿಯೂ ಸುಸ್ಥಿತಿಯಲ್ಲಿರುವಾಗಲೇ ಎಲ್ಲಿಗಾದರೂ ಹೋಗಿ ನಾಲ್ಕು ದಿನ ಸ್ವಸ್ಥ ಕುಳಿತು ಬರಬೇಕೆಂಬ ಸಂಕಲ್ಪವನ್ನು ತಾಳಿದ ಮಹನೀಯರ ವರ್ಗ. ಸ್ವಸ್ಥ ಕುಳಿತುಕೊಳ್ಳುವುದಕ್ಕೆ ಧಾರವಾಡಕ್ಕಿಂತ ಪ್ರಶಸ್ತವಾದ ಸ್ಥಳವು ಭೂಮಂಡಲದಲ್ಲಿ ಇನ್ನೊಂದುಂಟೇ ಎಂಬ ಪ್ರಶ್ನೆ ಇವರಿಗೆ ಹೊಳೆಯುವುದಿಲ್ಲ; ಹೊಳೆದಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಇವರ ಪ್ರತಿನಿಧಿಯೊಬ್ಬರನ್ನು ರಾಯರೆಂದು ಕರೆಯೋಣ. ರಾಯರಿಗೆ ದ್ವೀಪವೇ ಬೇಕಾಗಿತ್ತು. "ನೋಡ್ರಿ, ದ್ವೀಪ ಅಂದ್ರ ನಾಕೂ ಕಡೆ ನೀರು, ಬೀಗರು ಹೇಳದ ಕೇಳದ ಬರೂ ಹಂಗಿಲ್ಲ" ಎಂಬುದು ಅವರ ಭೂಗೋಳ. ಆ ದ್ವೀಪದಲ್ಲಿ ನಾನಾ ಸಂಸ್ಕೃತಿಗಳ ಸಂಗಮವೂ ಆಗಿರಬೇಕು, ಆದರೆ ಬೆಳಗಿನ ಚಹವು ಮಾತ್ರ ಧಾರವಾಡದ್ದೇ ಆಗಿರಬೇಕು. ಮಾರಿಷಸ್ಸನ್ನು ಖರ್ಚಿನ ಕಾರಣದಿಂದ ಕೈಬಿಟ್ಟರು. ಲಕ್ಷದ್ವೀಪದ ಮಿನಿಕಾಯಿಯಲ್ಲಿ ಮಾಲ್ದೀವಿನ ನುಡಿಗೆ ಹತ್ತಿರವಾದ ಮಹಲ್ ಭಾಷೆಯನ್ನು ಆಡುವರೆಂದು ಓದಿ ರೋಮಾಂಚಿತರಾದರಾದರೂ, ಅಲ್ಲಿಗೆ ಕಾಲಿಡಲು ಸರಕಾರದ ಪರವಾನಿಗೆ ಬೇಕೆಂದು ತಿಳಿದೊಡನೆ, ಮೂವತ್ತು ವರ್ಷ ಪರರಿಗೆ ಪರವಾನಿಗೆ ಕೊಟ್ಟು ದಣಿದ ಅವರ ಉತ್ಸಾಹವು ಇಳಿದುಹೋಯಿತು. ಕಡೆಗೆ ಗೋವೆಯ ಮಾಂಡವಿ ನದಿಯಲ್ಲಿರುವ ದಿವಾಡಿಯೂ, ಅದರ ನೆರೆಯ ಚೋಡಣವೂ ನಿಶ್ಚಿತವಾದವು.

ಈ ಆಯ್ಕೆಯನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ. ಗೋವೆಯನ್ನೂ ಹಲಸಿಗೆಯನ್ನೂ ಒಟ್ಟಿಗೆ ಆಳಿದ ಕದಂಬರ ಕುಲದೈವವಾದ ಸಪ್ತಕೋಟೀಶ್ವರನು ನೆಲೆಸಿದ್ದುದು ಈ ದಿವಾಡಿಯಲ್ಲಿಯೇ. ಆತನ ವರಪ್ರಸಾದವನ್ನು ಪಡೆದವರೆಂದು ಆ ಅರಸರು ತಮ್ಮ ನಾಣ್ಯಗಳ ಮೇಲೆಯೂ ಬರೆಯಿಸಿಕೊಂಡರು. 16ನೆಯ ಶತಮಾನದಲ್ಲಿ ಪೋರ್ತುಗೀಜರು ಗುಡಿಯನ್ನು ಕೆಡವಲು, ದೇವರು ಹೊಳೆಯನ್ನು ದಾಟಿ ನಾರ್ವೆಯೆಂಬ ಹಳ್ಳಿಯನ್ನು ಸೇರಬೇಕಾಯಿತು. ಅಲ್ಲಿ 1668ರಲ್ಲಿ ಶಿವಾಜಿ ಮಹಾರಾಜರು ಆತನ ದೇವಾಲಯವನ್ನು ಜೀರ್ಣೋದ್ಧಾರ ಮಾಡಿಸಿದರು. ದೇವರಿಗೂ ಪೂರ್ವಸಿದ್ಧತೆಯಿಲ್ಲದೆ ಪ್ರಯಾಣ ಮಾಡುವ ಪ್ರಸಂಗವು ಬಂದಿತೆಂಬುದು ರಾಯರನ್ನು ಬಹಳ ವ್ಯಾಕುಲಗೊಳಿಸಿತು. ಈಗ ದಿವಾಡಿಯ ಪಿಯೆದಾದ್ ಗುಡ್ಡದ ಮೇಲೆ ಇಗರ್ಜಿಯಿದೆ, ಕೆಳಗೆ ತುಳಸೀಕಟ್ಟೆಯ ಮನೆಗಳೂ ಶಿಲುಬೆಯ ಮನೆಗಳೂ ಒಂದೇ ಓಣಿಯಲ್ಲಿವೆ. ಕದಂಬರ ಹೆಸರಾದರೋ ಗೋವೆಯ ಸರಕಾರೀ ಬಸ್ಸುಗಳ ಮೇಲೆ ಉಳಿದುಕೊಂಡು, ಶಾಸನಗಳಿಗಿಂತ ಹೆಚ್ಚು ಜನರಿಂದ ಓದಲ್ಪಡುತ್ತಿದೆ.

ಆಗಸ್ಟಿನ ನಾಲ್ಕನೆಯ ಶನಿವಾರ ದಿವಾಡಿಯಲ್ಲಿ ಬೋಂಡೆರಾಂ ಎಂಬ ಉತ್ಸವವುಂಟು. ಪೋರ್ತುಗೀಜರ ಕಾಲದಲ್ಲಿ ವಾಡೆಗಳ ಸೀಮಾವಿವಾದವನ್ನು ಪರಿಹರಿಸಲು ನೆಟ್ಟ ನಿಶಾನೆಗಳನ್ನು ಜನರು ಉರುಳಿಸಿಬಿಡುತ್ತಿದ್ದರಂತೆ. ಅದೇ ಕ್ರಮೇಣ ಹಬ್ಬವಾಯಿತು. ರಾಯರಿಗೆ ಉತ್ಸವವು ಬೇಕು, ಮಳೆಯು ಬೇಡ. "ಡಿಸೆಂಬರದಾಗ ಇಟ್ಟಿದ್ರ ಅವರ ಗಂಟೇನು ಹೋಗತಿತ್ತು?" ಎಂದು ಆಕ್ಷೇಪಿಸಿ ಡಿಸೆಂಬರಿನಲ್ಲಿಯೇ ಹೊರಡಲು ನಿಶ್ಚಯಿಸಿದರು.

ತರುವಾಯ ಗೆರೆ ಹೊಡೆದ ವಹಿಯೊಂದು ಬಂದಿತು. ಅದರಲ್ಲಿ ವಿಶ್ರಾಂತಿಯ ಪ್ರತಿಯೊಂದು ಘಳಿಗೆಯೂ ಕೆಂಪು ಮಸಿಯಲ್ಲಿ ನಿಯೋಜಿತವಾಯಿತು: ಬೆಳಿಗ್ಗೆ 9-15ರಿಂದ 10-45ರವರೆಗೆ ನಿಶ್ಚಿಂತೆ, 10-45ರಿಂದ 12ರವರೆಗೆ ವಿಶ್ರಾಂತಿ, 12ಕ್ಕೆ ಊಟ.

"ಅಲ್ರೀ, ಅಷ್ಟೊತ್ತು ನಿಶ್ಚಿಂತಿ ಮಾಡಿದ ಮ್ಯಾಲ ಮತ್ತ ವಿಶ್ರಾಂತಿ ಯಾಕ?" ಎಂದು ರಾಯರ ಮಡದಿಯಾದ ವೈನಿಯವರು ಕೇಳಿದರು.

"ದಣಿವಾಗ್ತದಲ್ಲ!" ಎಂದರು ರಾಯರು.

ಊಟದ ವಿಷಯದಲ್ಲಿ ಅವರು ಯಾರನ್ನೂ ನಂಬಲಿಲ್ಲ. ಪರಂಗಿಯವರ ಬೆರಕೆ ಅಡಿಗೆಯಿಂದ ತಮ್ಮ ಜಠರವನ್ನು ರಕ್ಷಿಸುವ ಸಲುವಾಗಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಖಾರ ಇವೆಲ್ಲವನ್ನೂ ಗಂಟು ಕಟ್ಟಿಸಿದರು. ಆ ಮೆಣಸಿನಕಾಯಿಯೂ ಆ ಶೇಂಗಾ ಕಾಳೂ ಅಮೆರಿಕಾ ಖಂಡದಲ್ಲಿ ಹುಟ್ಟಿದವೆಂದೂ, ಮೆಣಸಿನಕಾಯಿಯಂತೂ ಪೋರ್ತುಗೀಜರ ಹಡಗನ್ನು ಏರಿ ಈ ದೇಶಕ್ಕೆ ಬಂದುದೆಂದೂ ಹೇಳುವ ಧೈರ್ಯವು ನನಗಾಗಲಿಲ್ಲ. ಹೇಳಿದ್ದರೆ ರೊಟ್ಟಿಯೊಂದನ್ನೇ ಕಟ್ಟಿಕೊಂಡು ಹೋಗುವ ಮನುಷ್ಯರು ಅವರು.

ರೈಲಿನಲ್ಲಿ ಜಾಗವು ಖಾತ್ರಿಯಾಗಿ ಸಿಕ್ಕಲೆಂದು, ಪಶ್ಚಿಮದ ಗೋವೆಗೆ ಹೋಗುವ ಮೊದಲು ಆಗ್ನೇಯದ ಹುಬ್ಬಳ್ಳಿಗೆ ಬಂದು, ಒಂದೂವರೆ ಕಿಲೋಮೀಟರಿಗಿಂತ ಉದ್ದವಾದ ಅಲ್ಲಿಯ ಪ್ಲಾಟ್‌ಫಾರ್ಮಿನ ಮೇಲೆ ತಮ್ಮ ಡಬ್ಬಿಯನ್ನು ಹುಡುಕುತ್ತ ದಂಪತಿಗಳು ಪ್ರವಾಸದ ಅತ್ಯಂತ ದೀರ್ಘವಾದ ಪಾದಯಾತ್ರೆಯನ್ನು ಮುಗಿಸಿದರು. ಗಾಡಿ ತಡವಾಗಿದ್ದುದರಿಂದ, ಕ್ಯಾಸಲ್‌ರಾಕ್ ದಾಟಿ ದೂಧಸಾಗರವು ಬಂದಾಗ ವಹಿಯ ಪ್ರಕಾರ ನಿದ್ರೆಯ ಸಮಯವಾಗಿತ್ತು, ರಾಯರು ನಿದ್ರಿಸಿದರು. ವೈನಿಯವರು ಜಲಪಾತವನ್ನು ನೋಡಿದರು.

ಮರುದಿನ ಹಳೆಗೋವೆಯ ವೈಸರಾಯರ ಕಮಾನಿನ ಕೆಳಗೆ ಹಾಯ್ದು ಫೆರಿಯ ಕಟ್ಟೆಗೆ ಬಂದಾಗ ಅನರ್ಥವು ಸಂಭವಿಸಿತು. ಫೆರಿಗೆಂದು ಹೋಗಿಬರುವ ಹಣವನ್ನು ರಾಯರು ಪ್ರತ್ಯೇಕವಾಗಿ ತೆಗೆದಿರಿಸಿದ್ದರು. ನಡೆದುಬಂದವರಿಗೆ ಶುಲ್ಕವೇ ಇಲ್ಲವೆಂದು ಅಲ್ಲಿಯವನು ಕೈಯಾಡಿಸಿ ಹೇಳಿದನು. ಉಳಿದ ಹಣವನ್ನು ಯಾವ ಖಾತೆಗೆ ಜಮಾ ಮಾಡಬೇಕೆಂಬುದನ್ನು ನಿರ್ಣಯಿಸದೆ ಹೆಜ್ಜೆಯಿಡುವುದು ಅವರ ಶೀಲಕ್ಕೆ ವಿರುದ್ಧವಾದುದರಿಂದ, ದಂಡೆಯ ಮೇಲೆಯೇ ವಹಿಯನ್ನು ಬಿಚ್ಚಿ ಬರೆಯತೊಡಗಿದರು. ತಲೆಯೆತ್ತಿ ನೋಡುವಷ್ಟರಲ್ಲಿ ಫೆರಿಯು ಎಮ್ಮೆಯೊಂದನ್ನೂ, ಐದಾರು ಸ್ಕೂಟರುಗಳನ್ನೂ, ಮೀನಿನ ಬುಟ್ಟಿಯ ಮುದುಕಿಯೊಬ್ಬಳೊಡನೆ ಆಗಲೇ ಅರ್ಧ ಮರಾಠಿಯಲ್ಲಿ ಹರಟೆಗಿಳಿದ ವೈನಿಯವರನ್ನೂ ಹೊತ್ತು ನಡುಹೊಳೆಯಲ್ಲಿತ್ತು.

"ಏ, ಅಲ್ಲೇ ಇಳದು ನಿಂದರು! ಮುಂದಿನದಕ್ಕ ಬರ್ತೇನಿ!" ಎಂದು ರಾಯರು ಕೂಗಿದರು.

"ಸಾವಕಾಶ ಬರ್ರಿ!" ಎಂದು ನೀರಿನ ಮೇಲಿಂದ ಉತ್ತರ ಬಂದಿತು. "ಲೆಕ್ಕ ಪೂರಾ ಮುಗಿಸಿಕೊಂಡ ಬರ್ರಿ. ರೊಟ್ಟಿ ಗಂಟು ನನ್ನ ಕಡೆನ ಅದ!"