ಪಂಕ್ತಿಯ ಪಕ್ಕದೆಲೆಯ ರಾಯರು

ಮದುವೆಮನೆಯ ಊಟದಲ್ಲಿ ಎಲೆಗೆ ನೀರು ಚಿಮುಕಿಸುವ ಮೊದಲೇ ‘ಹುಳಿಗೆ ಯಾವ ಬೇಳೆ?’ ಎಂದು ವಿಚಾರಿಸುವವರದು ಒಂದು ಪ್ರತ್ಯೇಕ ವರ್ಗವಾಗಿದ್ದು, ಅನುಕೂಲಕ್ಕಾಗಿ ಅವರನ್ನು ರಾಯರು ಎಂದು ಕರೆಯಬಹುದು. ಅವರನ್ನು ಕಾಡುವುದು ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕರುಳಿನಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಕಾಣದಿದ್ದರೂ ಹೊಟ್ಟೆನೋವೂ ಮಲವಿಸರ್ಜನೆಯ ಏರುಪೇರೂ ಮರುಕಳಿಸುತ್ತಲೇ ಇರುವ ತೊಂದರೆ. ಆದರೆ ರಾಯರ ನಿಘಂಟಿನಲ್ಲಿ ಅದಕ್ಕಿರುವ ಹೆಸರು ‘ಗ್ಯಾಸ್ಟ್ರಿಕ್’ ಒಂದೇ. ಮಂಡಿ ಹಿಡಿದರೂ ಗ್ಯಾಸ್ಟ್ರಿಕ್ಕೇ, ಅಳಿಯನ ಮೇಲೆ ಸಿಟ್ಟು ಬಂದರೂ ಗ್ಯಾಸ್ಟ್ರಿಕ್ಕೇ.

ಕಡಲೆಬೇಳೆ ಕೋಸಂಬರಿಗೆ ಕೈ ಅಡ್ಡ ಹಿಡಿದು, ವಾಯುಪ್ರಕೋಪದ ಬಗ್ಗೆ ಸಾರು ಬರುವವರೆಗೂ ಉಪನ್ಯಾಸ ನೀಡಿದ ರಾಯರು, ಅದೇ ಬೇಳೆಯ ಹೂರಣ ತುಂಬಿದ ಒಬ್ಬಟ್ಟು ಬಂದೊಡನೆ ಮೌನ ತಾಳಿ, ಮೇಲೆ ಹಾಲು ತುಪ್ಪ ಸುರಿಸಿಕೊಂಡು, ಎರಡನೆಯದಕ್ಕೂ ತಲೆಯಾಡಿಸುವುದನ್ನು ಪಕ್ಕದೆಲೆಯ ನತದೃಷ್ಟರು (ಈ ಸಾಲುಗಳನ್ನು ಬರೆದವರನ್ನೂ ಸೇರಿಸಿಕೊಳ್ಳಬಹುದು) ಮದುವೆಯಿಂದ ಮದುವೆಗೆ ಕಂಡಿದ್ದಾರೆ. ಸಣ್ಣಕರುಳು ಸರಿಯಾಗಿ ಹೀರಿಕೊಳ್ಳದ ಕೆಲವು ಶರ್ಕರಗಳು ದೊಡ್ಡಕರುಳಿಗಿಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಅನಿಲವಾಗುತ್ತವೆ. ಇವುಗಳಿಗೆ ‘ಫಾಡ್‌ಮ್ಯಾಪ್’ ಎಂಬ ಹೆಸರಿಟ್ಟು, ಇವು ಕಡಿಮೆಯಿರುವ ಪಥ್ಯವನ್ನು ರೂಪಿಸಿದವರು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು. ಒಬ್ಬಟ್ಟಿನ ಬೇಳೆ, ಗೋಧಿ, ಹಾಲು ಮೂರೂ ಆ ಪಟ್ಟಿಯಲ್ಲಿವೆ. ಮಡಿಯಡುಗೆಯವರು ಬೇರೆ ಕಾರಣಕ್ಕೆ ದೂರವಿಟ್ಟ ಈರುಳ್ಳಿ, ಬೆಳ್ಳುಳ್ಳಿಗಳೂ ಇವೆ. ಈ ಪಥ್ಯವನ್ನು ಕೆಲವು ವಾರ ಪಾಲಿಸಿ, ಬಳಿಕ ಒಂದೊಂದೇ ಪದಾರ್ಥವನ್ನು ಮರಳಿ ತಂದು ಪರೀಕ್ಷಿಸಬೇಕೆಂಬುದು ನಿಯಮವಾದರೂ, ರಾಯರು ಪರೀಕ್ಷೆಯ ಭಾಗವನ್ನಷ್ಟೇ ಉತ್ಸಾಹದಿಂದ ನಡೆಸುತ್ತಾರೆ.

ಓಮದ ನೀರು, ಇಂಗು ಬೆರೆಸಿದ ಮಜ್ಜಿಗೆ, ಗೋಲಿಸೋಡಾ ಇತ್ಯಾದಿಗಳ ವಿವರ ಇಲ್ಲಿ ಅನಗತ್ಯ.

ಹಾಗೆಂದು ರಾಯರ ಸಂಕಟವನ್ನು ಸೋಗೆನ್ನುವುದು ಅನ್ಯಾಯ. ಇಂಥವರಲ್ಲಿ ಅನೇಕರ ಹೊಟ್ಟೆಯಲ್ಲಿ ಅನಿಲದ ಪ್ರಮಾಣ ಇತರರಿಗಿಂತ ಹೆಚ್ಚೇನೂ ಇರುವುದಿಲ್ಲ. ಕರುಳಿನ ನರಗಳು ಅತಿ ಸೂಕ್ಷ್ಮವಾಗಿರುವುದರಿಂದ ಸಾಮಾನ್ಯ ಅನಿಲವೇ ಬಾಧೆಯಾಗುತ್ತದೆ, ಜೊತೆಗೆ ಕೆಲವರಲ್ಲಿ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆ ಕೆಳಗೆ ಒತ್ತಿ, ಹೊಟ್ಟೆಯ ಮುಂಭಾಗದ ಸ್ನಾಯುಗಳು ಸಡಿಲಗೊಂಡು, ಬೆಳಗ್ಗೆ ಸರಿಯಾಗಿದ್ದ ಪಂಚೆಯ ಗಂಟನ್ನು ಸಂಜೆಗೆ ನಿಜವಾಗಿಯೂ ಸಡಿಲಿಸಬೇಕಾಗುತ್ತದೆ. ಇದನ್ನು ಕೇಳಿಸಿಕೊಳ್ಳುವವರು ಮನೆಯಲ್ಲಿ ಯಾರೂ ಉಳಿದಿಲ್ಲದ ಕಾರಣದಿಂದಲೇ ರಾಯರು ಪಂಕ್ತಿಯಲ್ಲಿ ಅಪರಿಚಿತರನ್ನು ಹುಡುಕುತ್ತಾರೇನೋ.

ತೂಕ ಇಳಿಯುವುದು, ಮಲದಲ್ಲಿ ರಕ್ತ, ರಕ್ತಹೀನತೆ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಉಬ್ಬರ, ಇವುಗಳಲ್ಲಿ ಯಾವುದಿದ್ದರೂ ಓಮವನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ರಾಯರು ಕಂಡಿದ್ದಾರೆ, ವರದಿಗಳೆಲ್ಲ ಸರಿಯಾಗಿವೆ, ಮತ್ತು ಈಗ ಅವರ ಮುಖ್ಯ ದೂರು ಅದೇ.