ಅರೆನೆಲೆಯ ಕುಟುಂಬವೂ ಇಗರ್ಜಿಯ ಶೋಧವೂ: ಒಂದು ಶಾಸ್ತ್ರೀಯ ವಿವೇಚನೆ

ತಾತ್ಕಾಲಿಕ ವರ್ಗಾವಣೆಯ ಮೇಲೆ ಮಂಗಳೂರಿನಿಂದ ಬೆಂಗಳೂರಿಗೆ ಬಂದ ಕ್ಯಾಥೊಲಿಕ್ ಕುಟುಂಬವು ಭಾನುವಾರದ ಬಲಿಪೂಜೆಗೆ ಯಾವ ಇಗರ್ಜಿಗೆ ಹೋಗತಕ್ಕದ್ದು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಮನೆವಾರ್ತೆಗೆ ಸೇರಿದ್ದೆಂದು ತೋರಿದರೂ, ಧರ್ಮಶಾಸನ, ಬಾಡಿಗೆ ಕರಾರು ಮತ್ತು ಸೀಲಿಂಗ್ ಫ್ಯಾನು ಎಂಬ ಮೂರು ಶಾಸ್ತ್ರಗಳು ಕೂಡುವಲ್ಲಿ ಹುಟ್ಟಿದ ಪ್ರಶ್ನೆ ಅದಾಗಿದೆ. ವಿದ್ವಾಂಸರು ಇದನ್ನು ಈವರೆಗೆ ಕಡೆಗಣಿಸಿರುವುದಕ್ಕೆ ಭಾನುವಾರ ಅವರು ಏಳುವ ಹೊತ್ತೂ ಒಂದು ಕಾರಣವಿರಬಹುದು.

1983ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಜಾರಿಗೆ ತಂದ ಧರ್ಮಸಭೆಯ ಕಾನೂನು ಸಂಹಿತೆಯು ತನ್ನ 100ನೆಯ ವಿಧಿಯಲ್ಲಿ ಮನುಷ್ಯರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಖಾಯಂ ನೆಲೆಯುಳ್ಳವನು ‘ಇಂಕೊಲಾ’, ಅರೆನೆಲೆಯುಳ್ಳವನು ‘ಅದ್ವೆನಾ’, ನೆಲೆಯಿದ್ದೂ ಸದ್ಯ ಅದರ ಹೊರಗಿರುವವನು ‘ಪೆರೆಗ್ರಿನುಸ್’, ಎಲ್ಲಿಯೂ ಯಾವ ನೆಲೆಯೂ ಇಲ್ಲದವನು ‘ವಾಗುಸ್’, ಅಂದರೆ ಶುದ್ಧ ಅಲೆಮಾರಿ. ಒಂದು ಧರ್ಮಕೇಂದ್ರದ ಎಲ್ಲೆಯೊಳಗೆ ಮೂರು ತಿಂಗಳಾದರೂ ಇರುವ ಉದ್ದೇಶದಿಂದ ಬಂದವನಿಗೆ ಅರೆನೆಲೆ ಪ್ರಾಪ್ತವಾಗುತ್ತದೆಂದು 102ನೆಯ ವಿಧಿ ಹೇಳುತ್ತದೆ. ಇತ್ತ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆನ್ನುವ 1908ರ ನೋಂದಣಿ ಕಾಯಿದೆಗೆ ಸಿಕ್ಕಿಕೊಳ್ಳದಿರಲು ಬೆಂಗಳೂರಿನ ಮನೆಮಾಲೀಕರು 11 ತಿಂಗಳ ಕರಾರನ್ನೇ ಬರೆಸುವುದರಿಂದ, ಮುಂಗಡ ಹಣ ಎಣಿಸಿಕೊಟ್ಟ ಗಳಿಗೆಯಲ್ಲೇ, ಗ್ಯಾಸ್ ಸಿಲಿಂಡರ್ ಬರುವ ಮೊದಲೇ, ಈ ಕುಟುಂಬವು ಅದ್ವೆನಾ ಆಗಿಬಿಡುತ್ತದೆ. ಊರಿನ ನೆಲೆಯೂ ಉಳಿದಿರುವ ಕಾರಣ 107ನೆಯ ವಿಧಿಯ ಪ್ರಕಾರ ಅದಕ್ಕೆ ಈಗ ಇಬ್ಬರು ಧರ್ಮಗುರುಗಳು, ಮತ್ತು ಸಾಮಾನ್ಯವಾಗಿ ಎರಡು ಕಟ್ಟಡ ನಿಧಿಗಳು. ಇಷ್ಟಾಗಿಯೂ 1248ನೆಯ ವಿಧಿಯು, ಭಾನುವಾರವಾಗಲಿ ಹಿಂದಿನ ಸಂಜೆಯಾಗಲಿ, ಕ್ಯಾಥೊಲಿಕ್ ವಿಧಿಯಂತೆ ಎಲ್ಲಿ ಬಲಿಪೂಜೆ ನಡೆದರೂ ಅಲ್ಲಿ ಭಾಗವಹಿಸಿದವನ ಕರ್ತವ್ಯ ಸಂದಿತೆಂದು ಸ್ಪಷ್ಟಪಡಿಸುತ್ತದೆ. ಎಂದಮೇಲೆ ಶಾಸನದ ದೃಷ್ಟಿಯಲ್ಲಿ ಶೋಧಕ್ಕೆ ವಿಷಯವೇ ಇಲ್ಲ; ಶೋಧ ಆರಂಭವಾಗುವುದೂ ಇಲ್ಲಿಂದಲೇ.

ಇದರ ಮೂಲವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ ಹುಡುಕಬೇಕಾಗುತ್ತದೆ. ಅದಕ್ಕೆ ಮೊದಲು ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದುದರಿಂದ ಯಾವ ಊರಿಗೆ ಹೋದರೂ ಕುಟುಂಬಕ್ಕೆ ಅರ್ಥವಾಗದಿರುವುದು ಒಂದೇ ಪ್ರಮಾಣದಲ್ಲಿರುತ್ತಿತ್ತು. 1963ರ ಡಿಸೆಂಬರಿನಲ್ಲಿ ಮಹಾಸಭೆಯು ಜನರ ನುಡಿಗಳಿಗೆ ಬಾಗಿಲು ತೆರೆದ ಮೇಲೆ, ಪೂಜೆ ಅರ್ಥವಾಗತೊಡಗಿ, ಆಯ್ಕೆಯೆಂಬ ಸಂಕಟ ಒಳಗೆ ಬಂದಿತು. ಇಗರ್ಜಿಯ ಹೊರಗಿನ ವೇಳಾಪಟ್ಟಿಯ ಫಲಕದ ಮುಂದೆ ನಿಂತ ಕುಟುಂಬವು ಆ ಕ್ಷಣದಲ್ಲೇ ಪಂಗಡಗಳಾಗಿ ಒಡೆಯುತ್ತದೆ: ಮಕ್ಕಳು ಇಂಗ್ಲಿಷ್ ಪೂಜೆಯ ಪರ, ತಾಯಿ ಕೊಂಕಣಿ ಕೀರ್ತನೆಗಳ ಪರ, ತಂದೆ ಯಾವ ಭಾಷೆಯಾದರೂ ಪ್ರಬೋಧನೆ ಬೇಗ ಮುಗಿಯುವುದರ ಪರ. ಕರಾವಳಿಯ ಕ್ಯಾಥೊಲಿಕರ ಕೊಂಕಣಿಗೆ ಕನ್ನಡ ಲಿಪಿಯೇ ಇರುವುದರಿಂದ ಅಜ್ಜಿಗೆ ಕನ್ನಡ ಪೂಜೆಯ ಪುಸ್ತಕ ಓದಲು ಏನೂ ಅಡ್ಡಿಯಿಲ್ಲ. ಆದರೆ ಸಭೆಯೆಲ್ಲ ಕನ್ನಡದಲ್ಲಿ ಮಾರುತ್ತರ ಕೊಡುವಾಗ ಆಕೆಯ ತುಟಿ ಕೊಂಕಣಿಯಲ್ಲಿ ಉತ್ತರಿಸಿ, ಉಳಿದವರಿಗಿಂತ ಒಂದು ಪದ ಮುಂಚೆಯೇ ಮುಗಿಸಿ, ಮುಂದಿನ ಬೆಂಚಿನವರು ಹೊರಳಿ ನೋಡುವಂತೆ ಮಾಡುತ್ತದೆ.

ಭಾಷೆಯ ತರುವಾಯ ಆಸನಶಾಸ್ತ್ರ. ಪ್ರತಿಯೊಂದು ಇಗರ್ಜಿಯಲ್ಲಿಯೂ ಫ್ಯಾನಿನ ನೇರ ಕೆಳಗಿನ ಜಾಗಗಳು ತಲೆಮಾರುಗಳಿಂದ ಅನುಭೋಗದಲ್ಲಿದ್ದು, ಅವುಗಳ ಮೇಲೆ ಹಾಸಿದ ಮಡಿಸಿದ ಕರವಸ್ತ್ರವೊಂದಕ್ಕೆ ನೋಂದಾಯಿತ ಕ್ರಯಪತ್ರದಷ್ಟೇ ಬಲವುಂಟೆಂಬುದನ್ನು ಹೊಸ ಕುಟುಂಬ ಮೊದಲ ವಾರವೇ ಕಲಿಯುತ್ತದೆ. ವಾಹನ ನಿಲ್ಲಿಸುವ ಜಾಗದ ಸಮಸ್ಯೆಗೆ ಪ್ರತ್ಯೇಕ ಗ್ರಂಥವೇ ಬೇಕಾದುದರಿಂದ ಅದನ್ನು ಇಲ್ಲಿ ಬಿಡಲಾಗಿದೆ.

ಶೋಧವು ಸೆಪ್ಟೆಂಬರ್ 8ರಂದು ಶಿಖರ ಮುಟ್ಟುತ್ತದೆ. ಕನ್ಯಾಮರಿಯಮ್ಮನ ಜನ್ಮದಿನವಾದ ಆ ದಿನ ಕರಾವಳಿಯಲ್ಲಿ ಮೊಂತಿ ಹಬ್ಬ, ಅಂದರೆ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿಗೆ ಬೆರೆಸಿ ಕುಡಿದು, ಮೀನು ಮಾಂಸ ಬಿಟ್ಟು ಒಟ್ಟಿಗೆ ಉಣ್ಣುವ ಹಬ್ಬ. ಅದೇ ದಿನ ಶಿವಾಜಿನಗರದಲ್ಲಿ, 1974ರಲ್ಲಿ ಬೆಸಿಲಿಕಾ ಪದವಿ ಪಡೆದ ಸಂತ ಮರಿಯಮ್ಮನವರ ದೇವಾಲಯದ ಸುತ್ತ ಕಾವಿಯುಟ್ಟ ಭಕ್ತಸಾಗರವೇ ನೆರೆದು ತೇರಿನ ಮೆರವಣಿಗೆ ಹೊರಡುತ್ತದೆ. ತಾಯಿ ಒಬ್ಬಳೇ, ಹಬ್ಬವೂ ಒಂದೇ. ಆದರೆ ತೆನೆ ಎಲ್ಲಿ ಎಂಬುದು ಅಜ್ಜಿಯ ಆಕ್ಷೇಪಣೆ, ಮತ್ತು ಈ ಆಕ್ಷೇಪಣೆಗೆ ದೇವತಾಶಾಸ್ತ್ರದಲ್ಲಿ ಸಮಾಧಾನವಿಲ್ಲ.

ಸಮಾಧಾನ ದೊರೆಯುವುದು ಸಾಮಾನ್ಯವಾಗಿ ಇಗರ್ಜಿಯ ಗೇಟಿನ ಬಳಿ. ಅಜ್ಜಿಯ ಉಚ್ಚಾರಣೆಯಿಂದಲೇ ಗುರುತು ಹಿಡಿದ ಅಪರಿಚಿತ ಹೆಂಗಸೊಬ್ಬಳು “ಊರಲ್ಲಿ ನಿಮ್ಮದು ಯಾವ ಇಗರ್ಜಿ?” ಎಂದು ಕೇಳುತ್ತಾಳೆ, “ಮಿಲಾರ್” ಎಂದು, ಅಂದರೆ 1680ರಲ್ಲಿ ಸ್ಥಾಪನೆಯಾದ ಮಿಲಾಗ್ರಿಸ್ ಎಂದು, ಉತ್ತರ ಬರುತ್ತದೆ, ಅನಂತರದ ಅರ್ಧ ಗಂಟೆಯಲ್ಲಿ ಇಬ್ಬರಿಗೂ ಸಂಬಂಧಿಯಾದ ಒಬ್ಬ ಸೋದರಮಾವನ ಪತ್ತೆಯಾಗಿ, ರಾತ್ರಿ ಬಸ್ಸಿನಲ್ಲಿ ಬಂದ ತೆನೆಗಳೆರಡೂ ಒಂದು ಸ್ಟೀಲ್ ಡಬ್ಬಿ ಪಾಯಸವೂ ಹಸ್ತಾಂತರವಾಗುತ್ತವೆ. ಅಂದಿನಿಂದ ಆ ಇಗರ್ಜಿಯೇ ಕುಟುಂಬದ ಇಗರ್ಜಿ. ಅಲ್ಲಿನ ಪ್ರಬೋಧನೆ ಉದ್ದವೆಂಬುದನ್ನಾಗಲಿ, ಫ್ಯಾನು ಕಿರುಗುಟ್ಟುವುದನ್ನಾಗಲಿ ತಂದೆಯೂ ಮತ್ತೆ ಎತ್ತುವುದಿಲ್ಲ.

ಊರಿಗೆ ಮರಳುವ ಆದೇಶವು ಇದಾದ ಕೆಲವೇ ವಾರಗಳಲ್ಲಿ ಬರುವುದು ವಾಡಿಕೆ. ತಿರುಗಿ ಬರುವ ಉದ್ದೇಶವಿಲ್ಲದೆ ಹೊರಟವನ ಅರೆನೆಲೆ ಅಲ್ಲಿಗೆ ಕಳೆದುಹೋಗುತ್ತದೆಂದು 106ನೆಯ ವಿಧಿ ಸಾರುತ್ತದೆ. ಆದರೆ ಪಾಯಸದ ಡಬ್ಬಿಯನ್ನು ಇನ್ನೂ ಹಿಂದಿರುಗಿಸದ ಕುಟುಂಬಕ್ಕೆ ತಿರುಗಿ ಬರುವ ಉದ್ದೇಶ ಉಳಿದಿದೆಯೆಂದು ಎಣಿಸಬೇಕೋ ಬೇಡವೋ ಎಂಬ ಬಗ್ಗೆ ಸಂಹಿತೆಯ 1752 ವಿಧಿಗಳಲ್ಲಿ ಒಂದು ಮಾತೂ ಇಲ್ಲ.